ಶಾಲೆ ಬಿಟ್ಟ ಮೇಲೆ ಕಪೊಯೆರಾ: ಮಕ್ಕಳಿಗೆ ಕಲಿಸಲು ಹೊರಟವರಿಗೆ

“ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಕಪೊಯೆರಾ ಹೇಳಿಕೊಡಬೇಕು ಅಂದುಕೊಂಡಿದ್ದೇನೆ, ಎಲ್ಲಿಂದ ಶುರು ಮಾಡಲಿ?” ಈ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಕೆಲವರು ತಾವು ಹಾಕಿಕೊಂಡ ಪಾಠದ ಪಟ್ಟಿಯನ್ನೂ ಕಳಿಸುತ್ತಾರೆ. ಮೊದಲ ವಾರ ನಾಲ್ಕು ಬಗೆಯ ಒದೆ, ಎರಡನೇ ವಾರ ಲಾಗ, ಸಂಗೀತ ಸಮಯ ಸಿಕ್ಕರೆ. ದಯವಿಟ್ಟು ಆ ಪಟ್ಟಿಯನ್ನು ತಲೆಕೆಳಗು ಮಾಡಿ. ಮಕ್ಕಳು ಮೊದಲು ಕಲಿಯಬೇಕಾದದ್ದು ಎದುರಿಗಿರುವವರನ್ನು ನೋಡುವುದನ್ನು. ಆಮೇಲೆ ತಪ್ಪಿಸಿಕೊಳ್ಳುವುದನ್ನು. ಒದೆಯ ಸರದಿ ಮೂರನೆಯದು. ಹಾಡು, ಚಪ್ಪಾಳೆ ಮಾತ್ರ ಮೊದಲ ದಿನದಿಂದಲೇ ಬೇಕು. ಈ ಕ್ರಮ ತಪ್ಪಿದ ತರಗತಿಗಳಲ್ಲಿ ಎರಡೇ ತಿಂಗಳಿಗೆ ಯಾರದೋ ಮೂಗಿಗೆ ಏಟು ಬೀಳುತ್ತದೆ, ಪುಕ್ಕಲು ಮಕ್ಕಳು ಬರುವುದನ್ನು ಬಿಡುತ್ತಾರೆ, ಉಳಿದವರು ಒಬ್ಬರನ್ನೊಬ್ಬರು ನೋಡದೆ ತಂತಮ್ಮ ಪಾಡಿಗೆ ಕಾಲು ಬೀಸುತ್ತಿರುತ್ತಾರೆ.

ಹೊಸಬರಿಗಾಗಿ ಎರಡು ಮಾತು. ಗುಲಾಮರನ್ನಾಗಿ ಬ್ರೆಜಿಲ್‌ಗೆ ಸಾಗಿಸಲಾದ ಆಫ್ರಿಕನ್ನರು, ಅವರ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಸಮರಕಲೆ ಕಪೊಯೆರಾ. ಕಾದಾಟ, ಕುಣಿತ, ಹಾಡು, ಆಟ ಎಲ್ಲವೂ ಅದರಲ್ಲಿ ಹೆಣೆದುಕೊಂಡಿವೆ. ಇಬ್ಬರು ನಡುವೆ ಆಡುತ್ತಾರೆ, ಉಳಿದವರು ಸುತ್ತ ನಿಂತು ಚಪ್ಪಾಳೆ ತಟ್ಟಿ ಹಾಡುತ್ತಾರೆ. ಆ ವೃತ್ತದ ಹೆಸರು ಹೋದಾ. ಎಷ್ಟೋ ಕಡೆ ಇದನ್ನು ‘ರೋಡಾ’ ಎಂದು ಬರೆದಿರುತ್ತಾರೆ, ಆದರೆ ಬ್ರೆಜಿಲ್‌ನ ಪೋರ್ಚುಗೀಸಿನಲ್ಲಿ ಪದದ ಮೊದಲಿಗೆ ಬರುವ ‘ರ’ಕಾರವನ್ನು ‘ಹ’ ಎಂದೇ ಉಚ್ಚರಿಸುತ್ತಾರೆ. ಮಕ್ಕಳಿಗೆ ಮೊದಲಿನಿಂದ ಸರಿಯಾದ ಉಚ್ಚಾರಣೆಯನ್ನೇ ಹೇಳಿಕೊಡಿ, ಅವರ ನಾಲಿಗೆ ನಮಗಿಂತ ಬೇಗ ಹೊರಳುತ್ತದೆ. ಇನ್ನೊಂದು ವಿಷಯ: ಹೋದಾದೊಳಗೆ ಹೋಗುವವರು “ಕಾದಾಡುತ್ತೇವೆ” ಎನ್ನುವುದಿಲ್ಲ, “ಆಡುತ್ತೇವೆ” ಎನ್ನುತ್ತಾರೆ. ನಿಮ್ಮ ಇಡೀ ತರಗತಿ ಆ ಕ್ರಿಯಾಪದದ ಮೇಲೆ ನಿಲ್ಲಬೇಕು.

1. ಕಲಿಸುವ ಅರ್ಹತೆ ನಿಮಗಿದೆಯೇ, ನೋಡಿಕೊಳ್ಳಿ

ವಿಡಿಯೊ ನೋಡಿ ಕಲಿತು ಮಕ್ಕಳಿಗೆ ಕಲಿಸಲು ಹೋಗಬೇಡಿ. ಕಾಲು ಹೇಗೆ ಎತ್ತಬೇಕು ಎಂಬುದನ್ನು ವಿಡಿಯೊ ತೋರಿಸಬಹುದು. ಎದುರಿನ ಮಗು ಹೆದರಿದಾಗ ಅದೇ ಕಾಲನ್ನು ಹೇಗೆ ಹಿಂದಕ್ಕೆಳೆದುಕೊಳ್ಳಬೇಕು ಎಂಬುದು ಹೋದಾದೊಳಗೆ ನಿಂತವರಿಗೆ ಮಾತ್ರ ಗೊತ್ತು.

ಕಪೊಯೆರಾ ಗುರುವನ್ನು ಮೆಸ್ತ್ರಿ ಎನ್ನುತ್ತಾರೆ. ನಾವು ದಿನಾ ಬಳಸುವ ‘ಮೇಸ್ತ್ರಿ’ ಪದವೂ ಇದೇ ಪೋರ್ಚುಗೀಸ್ ಮೂಲದಿಂದ ಬಂದದ್ದು, ಹಾಗಾಗಿ ಕನ್ನಡದ ಮಕ್ಕಳ ಬಾಯಿಗೆ ಅದು ಸಲೀಸು. ಆದರೆ ಅದು ಹತ್ತಾರು ವರ್ಷಗಳ ಅಭ್ಯಾಸದ ನಂತರ ತನ್ನ ಗುರುವಿನಿಂದ, ತನ್ನ ಸಮುದಾಯದಿಂದ ಸಿಗುವ ಮನ್ನಣೆ. ನೀವು ನಾಲ್ಕೈದು ವರ್ಷ ಕಲಿತವರಾಗಿದ್ದರೆ ನಿಮ್ಮ ಗುಂಪಿನ ಹಿರಿಯರನ್ನು ಕೇಳಿ, ಒಪ್ಪಿಗೆ ಪಡೆದು, ಅವರ ಮೇಲ್ವಿಚಾರಣೆಯಲ್ಲಿ ಶುರು ಮಾಡಿ. ಮಕ್ಕಳು ನಿಮ್ಮನ್ನು ಹೆಸರು ಹಿಡಿದೇ ಕರೆಯಲಿ. ಬ್ರೆಜಿಲ್‌ನಲ್ಲಿ 2010ರಲ್ಲಿ ಬಂದ ಜನಾಂಗೀಯ ಸಮಾನತೆಯ ಕಾನೂನು ಸಾಂಪ್ರದಾಯಿಕ ಮೆಸ್ತ್ರಿಗಳು ಸರಕಾರಿ, ಖಾಸಗಿ ಶಾಲೆಗಳಲ್ಲಿ ಕಪೊಯೆರಾ ಕಲಿಸಬಹುದೆಂದು ಹೇಳುತ್ತದೆ. ಅಲ್ಲಿಯೂ ಕಲಿಸುವವರಿಗೆ ಬೇಕಾದದ್ದು ಸಾರ್ವಜನಿಕವಾಗಿ ಸಿಕ್ಕ ಈ ಮನ್ನಣೆಯೇ.

ಯಾವ ಶೈಲಿ ಎಂದೂ ಕೇಳುತ್ತೀರಿ. ಬಹಿಯಾ ರಾಜ್ಯದ ಸಾಲ್ವಡಾರ್ ನಗರದಲ್ಲಿ ಎರಡು ದೊಡ್ಡ ಧಾರೆಗಳು ರೂಪುಗೊಂಡವು. ಮೆಸ್ತ್ರಿ ಬಿಂಬಾ 1932ರಲ್ಲಿ ಶಾಲೆ ತೆರೆದು, ಕ್ರಮಬದ್ಧ ಪಾಠಗಳಿರುವ ಚುರುಕಿನ ಶೈಲಿಯನ್ನು ಬೆಳೆಸಿದರು. ಅದು ರೀಜನಲ್ ಎಂದು ಹೆಸರಾಯಿತು. ಮೆಸ್ತ್ರಿ ಪಸ್ಚೀನ್ಯಾ 1941ರಿಂದ ತಮ್ಮ ಕೇಂದ್ರದ ಮೂಲಕ ಹಳೆಯ, ನೆಲಕ್ಕೆ ಹತ್ತಿರದ, ನಿಧಾನಗತಿಯ ಆಟವನ್ನು ಉಳಿಸಿಕೊಂಡರು. ಅದು ಅಂಗೋಲಾ. ಇಂದು ಅನೇಕ ಗುಂಪುಗಳು ಎರಡರಿಂದಲೂ ತೆಗೆದುಕೊಳ್ಳುತ್ತವೆ. ನೀವು ಕಲಿತದ್ದನ್ನೇ ಕಲಿಸಿ. ಅಂಗೋಲಾದವರಲ್ಲದಿದ್ದರೂ ಮಕ್ಕಳಿಗೆ ನಿಧಾನದ ಆಟ ಹೆಚ್ಚು ಆಡಿಸಿ ಎಂಬುದು ನನ್ನ ಸಲಹೆ. ನಿಧಾನವಾಗಿ ಆಡುವಾಗ ಮಗುವಿಗೆ ಯೋಚಿಸಲು ಸಮಯ ಸಿಗುತ್ತದೆ.

2. ಜಾಗ, ಹೊತ್ತು, ಕಾಗದಪತ್ರ

ನೆಲ ಮರದ್ದಾದರೆ ಉತ್ತಮ, ಇಲ್ಲವಾದರೆ ಗಟ್ಟಿ ಮ್ಯಾಟ್. ಬರೀ ಕಾಂಕ್ರೀಟಿನ ಮೇಲೆ ತಲೆಕೆಳಗಾಗುವ ಯಾವುದನ್ನೂ ಮಾಡಿಸಬೇಡಿ. ಮೆತ್ತನೆಯ ದಪ್ಪ ಮ್ಯಾಟೂ ಒಳ್ಳೆಯದಲ್ಲ, ಕಾಲು ಹೂತುಕೊಂಡು ಪಾದದ ಕೀಲು ಉಳುಕುತ್ತದೆ. ಗೋಡೆ, ಬೆಂಚು, ಕಂಬಗಳಿಂದ ಎರಡು ಮೀಟರ್ ಬಿಟ್ಟು ಗೆರೆ ಹಾಕಿ, “ಇದರಾಚೆ ಕಾಲು ಬೀಸುವಂತಿಲ್ಲ” ಎಂದು ಮೊದಲ ದಿನವೇ ಹೇಳಿ. ಕೈಗಡಿಯಾರ, ಬಳೆ, ಓಲೆ, ಸರ ತೆಗೆಸಿ. ಉದ್ದ ಕೂದಲು ಕಟ್ಟಿಸಿ. ಉಗುರು ನೋಡಿ.

ಐದರಿಂದ ಏಳು ವರ್ಷದವರಿಗೆ ನಲವತ್ತೈದು ನಿಮಿಷ, ಎಂಟರಿಂದ ಹನ್ನೆರಡರವರಿಗೆ ಒಂದು ಗಂಟೆ. ವಾರಕ್ಕೆ ಎರಡು ದಿನ ಸಾಕು. ಎರಡೂ ವಯಸ್ಸಿನವರನ್ನು ಒಂದೇ ತರಗತಿಗೆ ತುಂಬುವ ಒತ್ತಡ ಬರುತ್ತದೆ. ಸಾಧ್ಯವಾದಷ್ಟು ಒಪ್ಪಬೇಡಿ. ಪುಟ್ಟ ಮಕ್ಕಳಿಗೆ ಹತ್ತು ಹನ್ನೆರಡು ಮಂದಿಗೊಬ್ಬ ದೊಡ್ಡವರು ಬೇಕು.

ಒಂದು ಮಾತು ನೆನಪಿರಲಿ: ಈ ಮಕ್ಕಳು ಐದಾರು ಗಂಟೆ ಕುರ್ಚಿಯಲ್ಲಿ ಕೂತು ಬಂದಿದ್ದಾರೆ. ಹಸಿದಿದ್ದಾರೆ, ಕೆಲವರು ಬೈಸಿಕೊಂಡಿದ್ದಾರೆ, ಕೆಲವರಿಗೆ ಪರೀಕ್ಷೆಯ ಚಿಂತೆ. ತರಗತಿಗೆ ಮುಂಚೆ ಹಗುರವಾಗಿ ಏನಾದರೂ ತಿಂದು ನೀರು ಕುಡಿಯಲು ಹದಿನೈದು ನಿಮಿಷ ಬಿಡಿ. ಬಂದ ಕೂಡಲೇ ಸಾಲಾಗಿ ನಿಲ್ಲಿಸಿದರೆ ಅವರಿಗದು ಇನ್ನೊಂದು ಪಿರಿಯಡ್ ಆಗಿಬಿಡುತ್ತದೆ. ಬದಲಿಗೆ ಐದು ನಿಮಿಷ ಓಡಲು ಬಿಡಿ.

ಪೋಷಕರಿಂದ ಲಿಖಿತ ಒಪ್ಪಿಗೆ, ತುರ್ತು ಸಂಪರ್ಕದ ಸಂಖ್ಯೆ, ಉಬ್ಬಸ, ಮೂರ್ಛೆ, ಹಳೆಯ ಮೂಳೆಮುರಿತಗಳ ವಿವರ, ಮಗುವನ್ನು ಕರೆದುಕೊಂಡು ಹೋಗಲು ಬರುವವರ ಹೆಸರು, ಇವಿಷ್ಟು ಕೈಗೆ ಬರುವವರೆಗೆ ಯಾವ ಮಗುವನ್ನೂ ಸೇರಿಸಿಕೊಳ್ಳಬೇಡಿ. ಉಬ್ಬಸವಿರುವ ಮಗುವಿನ ಇನ್‌ಹೇಲರ್ ಚೀಲದ ತಳದಲ್ಲಿರಬಾರದು, ನಿಮ್ಮ ಕಣ್ಣೆದುರಿಗಿರಬೇಕು. ತರಗತಿಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಲಿ, ಬಾಗಿಲು ತೆರೆದಿರಲಿ. ಭಂಗಿ ತಿದ್ದಲು ಮುಟ್ಟಬೇಕಾದರೆ “ಕೈ ಹಿಡೀಲಾ?” ಎಂದು ಕೇಳಿಯೇ ಮುಟ್ಟಿ. ಬೇಡ ಎಂದರೆ ಬಾಯಲ್ಲಿ ಹೇಳಿ ತಿದ್ದಿ.

3. ಜಿಂಗಾ: ಮೊದಲ ತಿಂಗಳೆಲ್ಲ ಇದೇ

ಜಿಂಗಾ ಎಂದರೆ ಕಪೊಯೆರಾದ ಮೂಲ ಹೆಜ್ಜೆ, ನಿಲ್ಲದೆ ಹಿಂದೆ ಮುಂದೆ ತೂಗುವ ಚಲನೆ. ಪ್ರತಿಯೊಂದು ಒದೆ, ಪ್ರತಿಯೊಂದು ತಪ್ಪಿಸಿಕೊಳ್ಳುವಿಕೆ ಹೊರಡುವುದೂ ಮರಳುವುದೂ ಇಲ್ಲಿಗೇ. ಕಾಲುಗಳನ್ನು ಭುಜದಗಲಕ್ಕಿಂತ ತುಸು ಹೆಚ್ಚು ಅಗಲಿಸಿ, ಮಂಡಿ ಬಾಗಿಸಿ ನಿಲ್ಲುವುದು. ಬಲಗಾಲು ಹಿಂದಕ್ಕೆ ಹೋದಾಗ ಬಲಗೈ ಮುಖದ ಮುಂದೆ ಬರುತ್ತದೆ. ಕಾಲು ಮತ್ತೆ ಅಗಲಿಸಿದ ಜಾಗಕ್ಕೆ ಬಂದು, ಎಡಗಾಲು ಹಿಂದಕ್ಕೆ ಹೋದಾಗ ಎಡಗೈ ಮುಂದೆ. ನೆಲದ ಮೇಲೆ ಸೀಮೆಸುಣ್ಣದಿಂದ ತ್ರಿಕೋನ ಬರೆದುಕೊಟ್ಟರೆ ಮಕ್ಕಳಿಗೆ ಹೆಜ್ಜೆಯ ದಾರಿ ಒಂದೇ ದಿನಕ್ಕೆ ತಿಳಿಯುತ್ತದೆ.

ತೊಂದರೆ ಶುರುವಾಗುವುದು ಅದಾದ ಮೇಲೆ. ತ್ರಿಕೋನ ಬರೆದುಕೊಟ್ಟಿರಿ ಎಂದ ಮೇಲೆ ಮಗುವಿನ ಕಣ್ಣು ಅದರ ಮೇಲೆಯೇ ನೆಟ್ಟಿರುತ್ತದೆ. ಗದ್ದ ಎದೆಗೆ ತಾಗಿರುತ್ತದೆ, ಬೆನ್ನು ಗೂನಾಗಿರುತ್ತದೆ, ತುಟಿ “ಒಂದು, ಎರಡು” ಎಂದು ಎಣಿಸುತ್ತಿರುತ್ತದೆ, ಮುಖದ ಮುಂದೆ ಬರಬೇಕಾದ ಕೈ ಹೊಟ್ಟೆಯ ಹತ್ತಿರ ಜೋತಾಡುತ್ತಿರುತ್ತದೆ. ಆದ್ದರಿಂದ ಎರಡನೇ ತರಗತಿಗೆ ತ್ರಿಕೋನವನ್ನು ಒರೆಸಿಬಿಡಿ. ಹೆಜ್ಜೆ ತಪ್ಪಿದರೂ ಚಿಂತೆಯಿಲ್ಲ, ಕಣ್ಣು ಮೇಲಕ್ಕೇಳಲಿ.

ಬಿಂಬಾ ತಮ್ಮ ಹೊಸ ಶಿಷ್ಯರ ಎರಡೂ ಕೈಗಳನ್ನು ಹಿಡಿದುಕೊಂಡು, ಎದುರು ನಿಂತು, ಜೊತೆಗೇ ತೂಗಿ ಜಿಂಗಾ ಕಲಿಸುತ್ತಿದ್ದರು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಕೈ ಹಿಡಿದಾಗ ಮಗು ತಾನಾಗಿಯೇ ನಿಮ್ಮ ಮುಖ ನೋಡುತ್ತದೆ, ತೂಗು ನಿಮ್ಮ ಕೈಯಿಂದ ಅದರ ಮೈಗೆ ಇಳಿಯುತ್ತದೆ. ಇಪ್ಪತ್ತು ಮಕ್ಕಳಿದ್ದರೆ ಪ್ರತಿಯೊಬ್ಬರಿಗೂ ಅರ್ಧ ನಿಮಿಷ ಕೊಟ್ಟರೆ ಹತ್ತೇ ನಿಮಿಷ. ಒಲ್ಲೆ ಎನ್ನುವ ಮಗು ಬಟ್ಟೆಯ ತುಂಡೊಂದರ ಎರಡು ತುದಿ ಹಿಡಿದುಕೊಳ್ಳಲಿ, ಇನ್ನೆರಡು ನೀವು ಹಿಡಿಯಿರಿ.

ಬರೀ ಜಿಂಗಾ ಎಂದರೆ ಮಕ್ಕಳಿಗೆ ಬೇಸರವಾಗುವುದಿಲ್ಲವೇ? ಆಗುತ್ತದೆ, ಆದ್ದರಿಂದ ಆಟದೊಳಗೆ ಇಡಿ. ಕನ್ನಡಿ ಆಟದಲ್ಲಿ ಇಬ್ಬರು ಎದುರುಬದುರು ನಿಂತು, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಮಾಡುತ್ತಾ ಜಿಂಗಾದಲ್ಲೇ ಇರಬೇಕು. ಬಾಲದ ಆಟದಲ್ಲಿ ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಯ ತುಂಡನ್ನು ಎದುರಿನವರು ಕೀಳಲು ನೋಡುತ್ತಾರೆ. ಹೆಜ್ಜೆ ನಿಲ್ಲಿಸಿದವರು ಸೋತಂತೆ. ಬಾಲದ ಆಟವಾಡುವಾಗ ಯಾವ ಮಗುವೂ ನೆಲ ನೋಡುವುದಿಲ್ಲ, ಗಮನಿಸಿ ಬೇಕಾದರೆ.

4. ತಪ್ಪಿಸಿಕೊಳ್ಳುವುದು

ಬೇರೆ ಹಲವು ಸಮರಕಲೆಗಳಲ್ಲಿ ಬಂದ ಏಟನ್ನು ಕೈಯಿಂದ ತಡೆಯುತ್ತಾರೆ. ಕಪೊಯೆರಾದಲ್ಲಿ ಏಟಿನ ದಾರಿಯಿಂದ ಸರಿದುಕೊಳ್ಳುತ್ತಾರೆ. ಮಕ್ಕಳಿಗೆ ಮೊದಲು ಕೊಕೊರೀನ್ಯಾ ಕಲಿಸಿ. ಪಾದ ಪೂರ್ತಿ ನೆಲಕ್ಕೂರಿ ಕುಕ್ಕರಗಾಲಲ್ಲಿ ಕೂತು, ಒಂದು ಕೈ ಪಕ್ಕದ ನೆಲಕ್ಕೆ, ಇನ್ನೊಂದು ತಲೆಗೆ ಅಡ್ಡ. ದೊಡ್ಡವರು ಇದಕ್ಕೆ ಒದ್ದಾಡುತ್ತಾರೆ, ಮಕ್ಕಳು ಸಲೀಸಾಗಿ ಕೂರುತ್ತಾರೆ. ಆಮೇಲೆ ಇಸ್ಕೀವಾ, ಅಂದರೆ ಜಿಂಗಾದಿಂದಲೇ ಪಕ್ಕಕ್ಕೋ ಕೆಳಕ್ಕೋ ಬಾಗುವುದು. ಮೂರನೆಯದು ನೆಗಚೀವಾ, ಒಂದು ಹಿಮ್ಮಡಿಯ ಮೇಲೆ ತಗ್ಗಿ, ಇನ್ನೊಂದು ಕಾಲು ಮುಂದಕ್ಕೆ ಚಾಚಿ, ಕೈ ನೆಲಕ್ಕೂರುವುದು. ಅಲ್ಲಿಂದ ಕೈಕಾಲುಗಳ ಮೇಲೆ ಹೊರಳಿ ಎದ್ದು ಬರುವುದಕ್ಕೆ ಹೋಲೆ ಎನ್ನುತ್ತಾರೆ.

ಇವನ್ನು ಕಲಿಸಲು ಎದುರಿನವರ ಒದೆ ಬೇಕಿಲ್ಲ. ಈಜು ಕಲಿಯುವವರು ಬಳಸುವ ಸ್ಪಂಜಿನ ಉದ್ದ ಕೊಳವೆಯೊಂದನ್ನು ಮಕ್ಕಳ ತಲೆಯೆತ್ತರಕ್ಕೆ ಮೆಲ್ಲಗೆ ಬೀಸಿಕೊಂಡು ಬನ್ನಿ. ತಗುಲಿದರೂ ನೋವಾಗುವುದಿಲ್ಲ, ಆದರೆ ತಗುಲಬಾರದೆಂಬ ಹಟ ಎಲ್ಲರಿಗೂ ಬರುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಮೂರು. ಕಣ್ಣು ಮುಚ್ಚಿಕೊಳ್ಳುವುದು ಮೊದಲನೆಯದು, ಇದಕ್ಕೆ ವೇಗ ಕಡಿಮೆ ಮಾಡುವುದೇ ಮದ್ದು. ಮುಖ ಕಾಯಬೇಕಾದ ಕೈಯನ್ನು ಮರೆಯುವುದು ಎರಡನೆಯದು. ಮೂರನೆಯದು ಎಲ್ಲಕ್ಕಿಂತ ಅಪಾಯದ್ದು: ಒದೆ ಬರುತ್ತಿರುವ ದಿಕ್ಕಿಗೇ ತಲೆ ಕೊಡುವುದು. ಕಾಲು ಎಡದಿಂದ ಬಲಕ್ಕೆ ಸಾಗುತ್ತಿದ್ದರೆ ನಾವೂ ಬಲಕ್ಕೇ ಬಾಗಬೇಕು, ಅದರ ಜೊತೆಗೆ. ಎಡಕ್ಕೆ ಹೋದರೆ ಕಾಲಿಗೆ ತಲೆ ಡಿಕ್ಕಿ. ಹೇಳಿದರೆ ಮಕ್ಕಳಿಗೆ ಇದು ಅರ್ಥವಾಗುವುದಿಲ್ಲ, ಸ್ಪಂಜಿನ ಕೊಳವೆ ಹತ್ತು ಸಲ ತಗುಲಿದಾಗ ಅರ್ಥವಾಗುತ್ತದೆ.

5. ಒದೆಗಳು: ಮೂರೇ ಸಾಕು

ಎರಡನೇ ತಿಂಗಳ ಕೊನೆಗೆ ಒದೆ ಶುರು ಮಾಡಿ. ಮೊದಲನೆಯದು ಮೇಯಾ ಲುವಾ ಜಿ ಫ್ರೆಂಚಿ, ‘ಮುಂದಿನ ಅರ್ಧಚಂದ್ರ’ ಎಂದರ್ಥ. ಹಿಂದಿನ ಕಾಲನ್ನು ನೇರವಾಗಿ ಹೊರಗಿನಿಂದ ಒಳಕ್ಕೆ ಕಮಾನಿನಂತೆ ಬೀಸುವುದು. ಎರಡನೆಯದು ಕೇಶಾದಾ, ಅದೇ ಕಮಾನು ಒಳಗಿನಿಂದ ಹೊರಕ್ಕೆ. ಮೂರನೆಯದು ಬೆನ್ಸಾವ್, ಅಂಗಾಲಿನಿಂದ ಮುಂದಕ್ಕೆ ತಳ್ಳುವುದು. ಮೊದಲ ವರ್ಷಕ್ಕೆ ಇಷ್ಟು ಸಾಕು, ನಿಜಕ್ಕೂ ಸಾಕು.

ಪಾದದ ಮೇಲ್ಭಾಗದಿಂದ ಪಕ್ಕಕ್ಕೆ ಹೊಡೆಯುವ ಮಾರ್ತೆಲು, ಕಾಲು ಸಿಕ್ಕಿಸಿ ಬೀಳಿಸುವ ಹಸ್ತೇಯ್ರಾ, ಕೈ ನೆಲಕ್ಕೂರಿ ಹಿಮ್ಮಡಿ ಬೀಸುವ ಮೇಯಾ ಲುವಾ ಜಿ ಕಂಪಾಸು ಇವನ್ನೆಲ್ಲ ಮುಂದಕ್ಕೆ ಹಾಕಿ. ತಲೆಯಿಂದ ಗುದ್ದುವ ಕಬೆಸಾದಾ ಮಕ್ಕಳ ತರಗತಿಗೆ ಬೇಡವೇ ಬೇಡ. ಹಿರಿಯ ಆಟಗಾರರ ಆಟ ನೋಡಿ ಬಂದ ಹುಡುಗರು ಇವನ್ನೇ ಕೇಳುತ್ತಾರೆ. “ಅದು ಇನ್ನೂ ಎರಡು ವರ್ಷದ ಮೇಲೆ” ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿ, ನುಣುಚಿಕೊಳ್ಳಬೇಡಿ.

ಒದೆ ಕಲಿಸುವಾಗ ಎದುರಿಗೆ ಮಗುವನ್ನು ನಿಲ್ಲಿಸುವ ಮುನ್ನ ಒಂದು ಗಿಡ್ಡ ಸ್ಟೂಲ್ ಇಡಿ. ಅದರ ಮೇಲಿಂದ ಕಾಲು ಹಾಯಿಸಿ, ಆಚೆ ಕಡೆ ಸದ್ದಾಗದಂತೆ ಊರಬೇಕು. ಸದ್ದಾದರೆ ಮತ್ತೆ. ಹಿಡಿತ ಎಂದರೆ ಏನೆಂದು ಈ ಸದ್ದಿಲ್ಲದ ಊರುವಿಕೆ ಮಕ್ಕಳಿಗೆ ತಿಳಿಸುತ್ತದೆ. ಜೋಡಿಯಲ್ಲಿ ಆಡಿಸುವಾಗ ನಿಯಮ ಒಂದೇ: ಎದುರಿನವರು ತಪ್ಪಿಸಿಕೊಳ್ಳಲು ಆಗುವಷ್ಟು ವೇಗದಲ್ಲೇ ಒದೆಯಬೇಕು. ತಗುಲಿದರೆ ಅದು ಒದೆದವರ ತಪ್ಪು, ತಪ್ಪಿಸಿಕೊಳ್ಳದವರ ತಪ್ಪಲ್ಲ. “ಅವನು ಸರೀಲಿಲ್ಲ” ಎಂಬ ಮಾತು ಬಂದಾಗಲೆಲ್ಲ ಇದನ್ನು ನೆನಪಿಸಿ.

6. ತಲೆಕೆಳಗು

ಕೈಯೂರಿ ಪಕ್ಕಕ್ಕೆ ಚಕ್ರದಂತೆ ಉರುಳುವುದು ಅಊ. ಜಿಮ್ನಾಸ್ಟಿಕ್ಸ್ ಕಲಿತ ಮಕ್ಕಳು ಕೈ ನೋಡಿಕೊಂಡು, ಕಾಲು ನೆಟ್ಟಗೆ ಮಾಡಿ ಚೆಂದವಾಗಿ ಉರುಳುತ್ತಾರೆ. ಕಪೊಯೆರಾದಲ್ಲಿ ಕಣ್ಣು ಎದುರಿನವರ ಮೇಲಿರಬೇಕು, ಹೊಟ್ಟೆ ಕಾಪಾಡಿಕೊಳ್ಳಲು ಕಾಲು ಬಾಗಿದ್ದರೂ ಸರಿಯೇ. ಇದಕ್ಕೊಂದು ಸುಲಭ ಉಪಾಯವಿದೆ. ಮಗು ಉರುಳುವಾಗ ಎದುರು ನಿಂತವರು ಬೆರಳು ತೋರಿಸಬೇಕು, ತಲೆಕೆಳಗಾಗಿರುವಾಗಲೇ ಮಗು “ಮೂರು!” ಎಂದು ಕೂಗಬೇಕು. ಕಾಲಿನ ಅಂದ ಆಮೇಲೆ ನೋಡಿಕೊಳ್ಳೋಣ.

ಮಣಿಕಟ್ಟಿನ ವ್ಯಾಯಾಮ ಮಾಡಿಸದೆ ಅಊ ಶುರು ಮಾಡಬೇಡಿ. ಒಂದೇ ಕಡೆಗೆ ಉರುಳಿಸಬೇಡಿ, ಎಡಕ್ಕೂ ಬಲಕ್ಕೂ ಸಮನಾಗಿ. ಹಿಂದಕ್ಕೆ ಲಾಗ ಹಾಕುವುದನ್ನು ತರಬೇತಿ ಪಡೆದ ಸಹಾಯಕರು, ಸರಿಯಾದ ಮ್ಯಾಟ್ ಎರಡೂ ಇಲ್ಲದೆ ಮುಟ್ಟಲೇಬೇಡಿ. ಒಬ್ಬ ಮಗು ಮನೆಯಿಂದ ಕಲಿತು ಬಂದು ತೋರಿಸಿದರೆ ಉಳಿದವರೆಲ್ಲ ಅದೇ ಸಂಜೆ ಪ್ರಯತ್ನಿಸುತ್ತಾರೆ ಎಂಬುದೂ ತಿಳಿದಿರಲಿ.

7. ಸಂಗೀತ

ಇಷ್ಟು ತಡವಾಗಿ ಬರೆಯುತ್ತಿದ್ದರೂ ಇದು ಮೊದಲ ದಿನದ ಪಾಠ ಎಂದು ಇನ್ನೊಮ್ಮೆ ಹೇಳುತ್ತೇನೆ. ಹೋದಾದಲ್ಲಿ ಆಟದ ವೇಗ, ಗುಣ, ಆರಂಭ, ಅಂತ್ಯ ಎಲ್ಲವನ್ನೂ ನಿರ್ಧರಿಸುವುದು ಬೆರಿಂಬಾವ್. ಅದೊಂದು ಒಂಟಿ ತಂತಿಯ ಬಿಲ್ಲು. ಬಾಗಿದ ಕೋಲು, ಬಿಗಿದ ಉಕ್ಕಿನ ತಂತಿ, ಸದ್ದು ತುಂಬಿಕೊಳ್ಳಲು ಒಣಗಿದ ಸೋರೆ ಬುರುಡೆ, ಬಡಿಯಲು ತೆಳು ಕಡ್ಡಿ, ತಂತಿಗೆ ಒತ್ತಲು ನಾಣ್ಯ ಅಥವಾ ಕಲ್ಲು, ಬಡಿಯುವ ಕೈಯಲ್ಲೇ ಕಷಿಷಿ ಎಂಬ ಪುಟ್ಟ ಬುಟ್ಟಿಗಿಲಕಿ. ದೊಡ್ಡ ಬುರುಡೆಯ, ತಗ್ಗು ದನಿಯ ಗುಂಗಾ, ನಡುವಿನ ಮೇಜಿಯು, ಏರು ದನಿಯ ವಿಯೋಲಾ ಎಂದು ಮೂರು ಬಗೆ. ಜೊತೆಗೆ ಪಂದೇಯ್ರೊ (ಗೆಜ್ಜೆತಟ್ಟೆ ಕೂರಿಸಿದ ಚಪ್ಪಟೆ ಕೈವಾದ್ಯ), ಅತಬಾಕಿ (ನಿಲ್ಲಿಸಿ ಬಾರಿಸುವ ಎತ್ತರದ ಚರ್ಮವಾದ್ಯ), ಅಗೊಗೊ (ಜೋಡಿ ಗಂಟೆ). ಎಲ್ಲವೂ ಬೇಕೆಂದೇನಿಲ್ಲ. ಬಿಂಬಾ ಅವರ ಮೇಳದಲ್ಲಿ ಇದ್ದದ್ದೇ ಒಂದು ಬೆರಿಂಬಾವ್, ಎರಡು ಪಂದೇಯ್ರೊ.

ಮೊದಲ ತಿಂಗಳು ಮಕ್ಕಳ ಕೈಗೆ ವಾದ್ಯ ಬೇಡ, ಹಾಡು, ಚಪ್ಪಾಳೆ ಮಾತ್ರ. ಬೆರಿಂಬಾವ್ ನುಡಿಯುತ್ತಿದ್ದಾಗ ಜಿಂಗಾ, ನಿಂತ ಕೂಡಲೇ ಕಲ್ಲಾಗಬೇಕು ಎಂಬ ಆಟವಾಡಿಸಿ. ಕಿವಿ ಮೈಯನ್ನು ಆಳುವುದನ್ನು ಕಲಿಸಲು ಇದಕ್ಕಿಂತ ಚಿಕ್ಕ ದಾರಿಯಿಲ್ಲ, ನಾಳೆ ಹೋದಾದಲ್ಲಿ ಇಬ್ಬರು ಬಿಸಿಯಾದಾಗ ನೀವು ಬೆರಿಂಬಾವ್ ನಿಲ್ಲಿಸಿದರೆ ಅವರೂ ನಿಲ್ಲುವಂತಾಗುವುದು ಇಂದಿನ ಈ ಆಟದಿಂದಲೇ.

ದೊಡ್ಡವರ ಬೆರಿಂಬಾವ್ ಪುಟ್ಟ ಮಕ್ಕಳಿಗಿಂತ ಎತ್ತರ. ಅದರ ಪೂರ್ತಿ ಭಾರ ಕಿರುಬೆರಳ ಮೇಲೆ ಕೂರುತ್ತದೆ. ಬುರುಡೆ ಕಟ್ಟಿದ ದಾರದ ಕೆಳಗೆ ಕಿರುಬೆರಳು ತೂರಿಸಿ, ನಡುವಿನೆರಡು ಬೆರಳಿಂದ ಕೋಲು ಹಿಡಿದು, ಹೆಬ್ಬೆರಳು ತೋರುಬೆರಳ ನಡುವೆ ನಾಣ್ಯ ಹಿಡಿಯಬೇಕು. ಎರಡೇ ನಿಮಿಷಕ್ಕೆ ಎಳೆಯ ಬೆರಳು ಕೆಂಪಾಗಿ, ದಾರದ ಗುರುತು ಮೂಡುತ್ತದೆ. ದೊಡ್ಡವರಿಗೂ ಹೀಗೇ ಆಗುತ್ತದೆ ಎಂದು ಮಗುವಿಗೆ ಹೇಳಿ, ಕೆಳಗಿಡಿಸಿ, ನಾಳೆ ಮತ್ತೆ ಎರಡು ನಿಮಿಷ. ಚಿಕ್ಕ ಬೆರಿಂಬಾವ್ ಸಿಕ್ಕರೆ ಒಳ್ಳೆಯದು. ಕಲಿಸಬೇಕಾದ ಸದ್ದು ಮೂರು: ನಾಣ್ಯ ಮುಟ್ಟಿಸದ ತೆರೆದ ಸದ್ದು, ಗಟ್ಟಿಯಾಗಿ ಒತ್ತಿದ ಏರು ಸದ್ದು, ಮೆಲ್ಲಗೆ ತಾಗಿಸಿದಾಗ ಬರುವ ಗುಂಯ್‌ಗುಡುವ ಸದ್ದು.

ಎಚ್ಚರಿಕೆ: ತಂತಿ ಬಿಗಿಯುವುದು, ಬಿಚ್ಚುವುದು ಮಕ್ಕಳ ಕೆಲಸವಲ್ಲ. ಜಾರಿದ ತಂತಿ ಕಣ್ಣಿಗೆ ಹಾರುತ್ತದೆ. ತರಗತಿ ಮುಗಿದ ಮೇಲೆ ತಂತಿ ಸಡಿಲಿಸಿಯೇ ಇಡಿ, ಬಿಗಿದೇ ಬಿಟ್ಟರೆ ಕೋಲು ತನ್ನ ಬಿಗುಪು ಕಳೆದುಕೊಳ್ಳುತ್ತದೆ.

ಹಾಡುಗಳಲ್ಲಿ ಕೊಹೀದು ಎಂಬ ಬಗೆ ಮಕ್ಕಳಿಗೆ ಹೇಳಿ ಮಾಡಿಸಿದ್ದು. ಮುಂದಾಳು ಒಂದು ಸಾಲು ಹಾಡುತ್ತಾನೆ, ಎಲ್ಲರೂ ಚಿಕ್ಕ ಪಲ್ಲವಿಯಿಂದ ಉತ್ತರಿಸುತ್ತಾರೆ. ಪೋರ್ಚುಗೀಸಿನಲ್ಲೇ ಹಾಡಿಸಿ, ಅರ್ಥವನ್ನು ಕನ್ನಡದಲ್ಲಿ ಹೇಳಿ. ಅರ್ಥ ಗೊತ್ತಿಲ್ಲದ ಹಾಡನ್ನು ಮಕ್ಕಳ ಬಾಯಿಗೆ ಹಾಕಬೇಡಿ, ಕೆಲವು ಹಾಡುಗಳಲ್ಲಿ ಗುಲಾಮಗಿರಿಯ ನೋವು ನೇರವಾಗಿಯೇ ಇದೆ.

8. ಹೋದಾ

ಪ್ರತಿ ತರಗತಿಯ ಕೊನೆಯ ಹತ್ತು ಹದಿನೈದು ನಿಮಿಷ ಹೋದಾಕ್ಕೆ ಮೀಸಲು. ಬೇರೆ ಪಾಠ ಎಷ್ಟು ಬಾಕಿಯಿದ್ದರೂ ಇದನ್ನು ಕತ್ತರಿಸಬೇಡಿ.

ಮಕ್ಕಳಿಗೆ ಕಲಿಸಬೇಕಾದ ನಡವಳಿಕೆ ಹೀಗೆ. ಒಳಗೆ ಹೋಗುವ ಇಬ್ಬರು ಬೆರಿಂಬಾವ್ ಬುಡದಲ್ಲಿ ಕುಕ್ಕರಗಾಲಲ್ಲಿ ಎದುರುಬದುರು ಕೂರುತ್ತಾರೆ, ಕೈ ಕುಲುಕುತ್ತಾರೆ, ನುಡಿಸುವವರು ಅನುಮತಿ ಕೊಟ್ಟ ಮೇಲೆ ಒಳಗೆ ಹೋಗುತ್ತಾರೆ. ಆಟದ ನಡುವೆ ಬೇರೊಬ್ಬರು ಬಂದು ಒಬ್ಬರನ್ನು ಬಿಡಿಸಿ ತಾವು ಆಡಬಹುದು. ಇದಕ್ಕೆ ‘ಆಟ ಕೊಳ್ಳುವುದು’ ಎನ್ನುತ್ತಾರೆ. ಇದನ್ನು ಮಾಡುವಾಗ ಆಡುತ್ತಿರುವವರ ನಡುವೆ ನುಗ್ಗದೆ, ಅವರು ದೂರವಾದ ಕ್ಷಣ ನೋಡಿ, ತೆರೆದ ಅಂಗೈ ಮುಂದೆ ಮಾಡಿ ಬರಬೇಕು. ಮೊದಲ ಕೆಲವು ತಿಂಗಳು ಆಟ ಕೊಳ್ಳುವುದನ್ನು ಬಿಟ್ಟು, ಹೆಸರು ಕೂಗಿ ನೀವೇ ಜೋಡಿ ಮಾಡಿ. ಇಲ್ಲದಿದ್ದರೆ ಧೈರ್ಯದ ನಾಲ್ಕು ಮಕ್ಕಳೇ ಕೊನೆಯವರೆಗೆ ಆಡುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾ ಮನೆಗೆ ಹೋಗುತ್ತಾರೆ. ಪ್ರತಿಯೊಂದು ಆಟಕ್ಕೂ ಮೂವತ್ತು ನಲವತ್ತು ಸೆಕೆಂಡು ಸಾಕು.

ಗೆದ್ದವರು ಯಾರು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಇಲ್ಲಿ ಅಂಕವಿಲ್ಲ. ಆದರೆ “ಯಾರೂ ಗೆಲ್ಲಲಿಲ್ಲ” ಎಂಬ ಉತ್ತರದಿಂದ ಎಂಟು ವರ್ಷದ ಮಗುವಿಗೆ ತೃಪ್ತಿಯಾಗುವುದಿಲ್ಲ. ಕಂಡದ್ದನ್ನು ಹೇಳಿ: “ನೀನು ಒದ್ದೆ, ಅವಳು ಕೂತಳು, ಕೂತಲ್ಲಿಂದಲೇ ಉತ್ತರ ಕೊಟ್ಟಳು, ನೀನು ಅದನ್ನು ನೋಡಿ ಸರಿದೆ.” ಆಟವನ್ನು ಹೀಗೆ ಮಾತಿನಂತೆ ಬಿಡಿಸಿ ಹೇಳಿದರೆ ಮುಂದಿನ ವಾರ ಅವರೇ ಸುತ್ತ ನಿಂತು ಹೀಗೆ ನೋಡಲು ಶುರು ಮಾಡುತ್ತಾರೆ.

ಸಿಟ್ಟು ಬಂದು ಬೇಕೆಂದೇ ಹೊಡೆದರೆ ಬೆರಿಂಬಾವ್ ನಿಲ್ಲಿಸಿ, ಇಬ್ಬರನ್ನೂ ಬುಡಕ್ಕೆ ಕರೆಯಿರಿ. ಎಲ್ಲರೆದುರು ಬೈಯಬೇಡಿ. ಹೊಡೆದ ಮಗು ಆ ದಿನ ಸುತ್ತ ನಿಂತು ಚಪ್ಪಾಳೆ ತಟ್ಟಲಿ, ಹೊರಗೆ ಕಳಿಸುವುದು ಬೇಡ. ಒಳಗೆ ಹೋಗಲು ಹೆದರುವ ಮಗುವನ್ನು ತಳ್ಳಬೇಡಿ, ವಾರಗಟ್ಟಲೆ ಪಂದೇಯ್ರೊ ಹಿಡಿದು ನಿಂತಿರಲು ಬಿಡಿ, ಅದೂ ಹೋದಾದ ಭಾಗವೇ.

9. ಇತಿಹಾಸ, ಮತ್ತೆ ಪೋಷಕರ ಪ್ರಶ್ನೆಗಳು

ಕಪೊಯೆರಾದ ಕಥೆ ಹೇಳದೆ ಬರೀ ಚಲನೆ ಕಲಿಸುವುದು ಅದನ್ನು ಕಟ್ಟಿದವರಿಗೆ ಮಾಡುವ ಅನ್ಯಾಯ. ವಾರಕ್ಕೆ ಮೂರು ನಿಮಿಷ ಸಾಕು. ಚಿಕ್ಕವರಿಗೆ ಪಸ್ಚೀನ್ಯಾ ತಾವೇ ಹೇಳಿಕೊಂಡ ಕಥೆ ಹೇಳಿ. ಬಾಲಕನಾಗಿದ್ದಾಗ ತನಗಿಂತ ದೊಡ್ಡ ಹುಡುಗನೊಬ್ಬನಿಂದ ಮತ್ತೆ ಮತ್ತೆ ಹೊಡೆಸಿಕೊಳ್ಳುತ್ತಿದ್ದ, ಅದನ್ನು ಕಿಟಕಿಯಿಂದ ನೋಡುತ್ತಿದ್ದ ಬೆನೆದೀತು ಎಂಬ ಆಫ್ರಿಕನ್ ಹಿರಿಯ ಅವನನ್ನು ಕರೆದು ಕಪೊಯೆರಾ ಕಲಿಸಿದ. ದೊಡ್ಡ ಮಕ್ಕಳಿಗೆ ಇನ್ನಷ್ಟು ಹೇಳಬಹುದು. ಬ್ರೆಜಿಲ್‌ನಲ್ಲಿ ಗುಲಾಮಗಿರಿ 1888ರಲ್ಲಿ ರದ್ದಾಯಿತು, ಆದರೆ ಎರಡೇ ವರ್ಷಕ್ಕೆ, 1890ರ ದಂಡಸಂಹಿತೆ ಬೀದಿಯಲ್ಲಿ ಕಪೊಯೆರಾ ಆಡುವುದನ್ನೇ ಅಪರಾಧ ಮಾಡಿತು. ಶಿಕ್ಷೆ ಎರಡರಿಂದ ಆರು ತಿಂಗಳ ಸೆರೆವಾಸ. ಅದೇ ಹೋದಾ 2014ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಹತ್ತು ವರ್ಷದ ಮಕ್ಕಳು ಇದನ್ನು ಕೇಳಿ “ಆಡಿದ್ದಕ್ಕೆ ಜೈಲಾ?” ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಸಮಯ ಕೊಡಿ.

ಪೋಷಕರು ಸಾಮಾನ್ಯವಾಗಿ ಕೇಳುವುದು ಎರಡು. “ಮಗು ಹೊಡೆದಾಟ ಕಲಿಯುತ್ತದೆಯೇ?” ಎನ್ನುವವರನ್ನು ಒಂದು ತರಗತಿಗೆ ಬಂದು ಕೂರಲು ಹೇಳಿ. “ಇದು ಧಾರ್ಮಿಕ ಆಚರಣೆಯೇ?” ಎನ್ನುವವರಿಗೆ ಮುಚ್ಚುಮರೆಯಿಲ್ಲದೆ ಉತ್ತರಿಸಿ: ಕಪೊಯೆರಾ ಧರ್ಮವಲ್ಲ, ಆದರೆ ಅದು ಬೆಳೆದ ಬಹಿಯಾದಲ್ಲಿ ಕಂದೊಂಬ್ಲೆ ಎಂಬ ಆಫ್ರೋ-ಬ್ರೆಜಿಲಿಯನ್ ಧರ್ಮವೂ ಕ್ಯಾಥೊಲಿಕ್ ನಂಬಿಕೆಯೂ ಇದ್ದವು, ಹಾಡುಗಳಲ್ಲಿ ಎರಡರ ಹೆಸರುಗಳೂ ಬರುತ್ತವೆ. ಹೋದಾಕ್ಕೆ ಇಳಿಯುವ ಮುನ್ನ ಕೆಲವರು ನೆಲ ಮುಟ್ಟಿಕೊಳ್ಳುತ್ತಾರೆ, ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಅದು ಅವರವರ ಇಚ್ಛೆ, ಮಕ್ಕಳಿಗೆ ಕಡ್ಡಾಯವಲ್ಲ.

10. ಅಡ್ಡಹೆಸರು ಮತ್ತು ಬಚಿಜಾದು

ಕಪೊಯೆರಾದಲ್ಲಿ ಶಿಷ್ಯರಿಗೆ ಅಪೆಲೀದು, ಅಂದರೆ ಅಡ್ಡಹೆಸರು ಇಡುವ ವಾಡಿಕೆಯಿದೆ. ಪೊಲೀಸರಿಗೆ ನಿಜವಾದ ಹೆಸರು ಸಿಗದಂತೆ ಮಾಡಲು ನಿಷೇಧದ ಕಾಲದಲ್ಲಿ ಇದು ನೆರವಾಗುತ್ತಿತ್ತು ಎನ್ನುತ್ತಾರೆ. ದೊಡ್ಡವರ ನಡುವೆ ಈ ಹೆಸರುಗಳು ಒರಟಾಗಿರುವುದುಂಟು. ಮಕ್ಕಳ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಮೈಕಟ್ಟು, ಬಣ್ಣ, ತೊದಲು, ಕನ್ನಡಕ ಇವುಗಳ ಮೇಲೆ ಹೆಸರಿಡುವಂತಿಲ್ಲ. ಮಗು ಒಪ್ಪದ ಹೆಸರು ಅಂದೇ ರದ್ದು. ತರಗತಿಯಲ್ಲಿ ಇಟ್ಟ ಹೆಸರು ಮರುದಿನ ಶಾಲೆಯ ಅಂಗಳಕ್ಕೆ ಹೋಗುತ್ತದೆ, ಅಲ್ಲಿ ಅದನ್ನು ಕಾಯಲು ನೀವಿರುವುದಿಲ್ಲ.

ಬಚಿಜಾದು ಎಂದರೆ ದೀಕ್ಷೆ. ಸೊಂಟಕ್ಕೆ ಕಟ್ಟುವ ಬಣ್ಣದ ಹುರಿ ಬಳಸುವ ಗುಂಪುಗಳಲ್ಲಿ ಮಗುವಿಗೆ ಮೊದಲ ಹುರಿ ಸಿಗುವುದು ಅಂದು. ಬಣ್ಣಗಳ ಕ್ರಮ ಗುಂಪಿನಿಂದ ಗುಂಪಿಗೆ ಬೇರೆ, ಅಂಗೋಲಾ ಶಾಲೆಗಳಲ್ಲಿ ಹುರಿ ಸಾಮಾನ್ಯವಾಗಿ ಇರುವುದೇ ಇಲ್ಲ. ಮೊದಲ ವರ್ಷದ ಕೊನೆಗೆ, ಜಿಂಗಾದಲ್ಲಿ ಕಣ್ಣು ಮೇಲಿದ್ದು, ಎರಡು ಬಗೆಯಲ್ಲಿ ತಪ್ಪಿಸಿಕೊಳ್ಳಲು ಬಂದು, ಒಂದು ಪಲ್ಲವಿ ಹಾಡಲು ಬಂದರೆ ಮಗು ಸಿದ್ಧವಾಗಿದೆ ಎಂದೇ ನಾನು ಎಣಿಸುತ್ತೇನೆ. ಲಾಗ ಬರಬೇಕೆಂದಿಲ್ಲ.

ಆ ದಿನ ಮಗು ಆಡುವುದು ಹೊರಗಿನಿಂದ ಬಂದ ಹಿರಿಯರೊಬ್ಬರ ಜೊತೆ, ಕೊನೆಗೆ ಅವರು ಮಗುವನ್ನು ಬೀಳಿಸುವುದು ವಾಡಿಕೆ. ಹೀಗೆ ಬೀಳಿಸುತ್ತಾರೆಂದು ಮಗುವಿಗೂ ಪೋಷಕರಿಗೂ ಎರಡು ವಾರ ಮುಂಚೆಯೇ ಹೇಳಿ. ಪಕ್ಕಕ್ಕೆ ಉರುಳಿ, ಗದ್ದ ಎದೆಗೊತ್ತಿ ಬೀಳುವುದನ್ನು ತರಗತಿಯಲ್ಲಿ ಆಡಿಸಿ. ಅತಿಥಿಗಳಿಗೆ ಪ್ರತಿ ಮಗುವಿನ ಬಗ್ಗೆ ಒಂದು ಮಾತು ಮೊದಲೇ ತಿಳಿಸಿ: ಇವಳಿಗೆ ಮೊಣಕೈ ಮುರಿದು ವಾಸಿಯಾಗಿದೆ, ಇವನ ಎಡಗಿವಿ ಕೇಳಿಸುವುದಿಲ್ಲ, ಇವಳನ್ನು ಬೀಳಿಸುವುದು ಬೇಡ, ಕೈ ಹಿಡಿದು ನೆಲಕ್ಕೆ ಕೂರಿಸಿದರೆ ಸಾಕು. ಈ ಪಟ್ಟಿಯನ್ನು ಬೆರಿಂಬಾವ್ ನುಡಿಸುವವರ ಕೈಯಲ್ಲೂ ಕೊಡಿ. ಜೋಡಿ ಮಾಡಿ ಒಳಗೆ ಕಳಿಸುವವರು ಅವರೇ.